ಬಣ್ಣ ಹಾಕದ ಚೌಕಗಳು: ನಮ್ಮ ಗಣಿತ ಕೂಟದ ನೆನಪು

ಶನಿವಾರ ಬೆಳಗ್ಗಿನ ತರಗತಿ ಬಿಟ್ಟ ಮೇಲೆ ನಮ್ಮ ಶಾಲೆಯಲ್ಲಿ ಒಂದು ಗಂಟೆ ಗಣಿತ ಕೂಟ ಇರುತ್ತಿತ್ತು. ಆರು, ಏಳು, ಎಂಟನೇ ತರಗತಿಯವರು ಒಂದೇ ಕೋಣೆಯಲ್ಲಿ. ಟ್ಯೂಷನ್ ಎಂದುಕೊಂಡು ಮಕ್ಕಳನ್ನು ಸೇರಿಸಿದ ಹೆತ್ತವರಿಗೆ ಬೇಗನೇ ನಿರಾಸೆ ಆಗುತ್ತಿತ್ತು. ಮುಂದಿನ ತರಗತಿಯ ಪಾಠ ಅಲ್ಲಿಲ್ಲ, ಪರೀಕ್ಷೆಗೆ ಬರುವ ಲೆಕ್ಕವೂ ಇಲ್ಲ, ಗಂಟೆಗೊಂದೇ ಪ್ರಶ್ನೆ. ಈಗಿನ ಟೀಚರುಗಳಲ್ಲಿ ಯಾರಾದರೂ ಮತ್ತೆ ಶುರು ಮಾಡುವುದಿದ್ದರೆ ಉಪಯೋಗಕ್ಕೆ ಬರಲಿ ಎಂದು, ಅದು ನಡೆಯುತ್ತಿದ್ದ ಕ್ರಮವನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಸೇರಲು ಮಾರ್ಕು ನೋಡುತ್ತಿರಲಿಲ್ಲ. ಅದು ಸರಿಯಾದ ಕ್ರಮವೇ. ಸೂತ್ರ ಬಾಯಿಪಾಠ ಮಾಡಿ ನೂರಕ್ಕೆ ನೂರು ತೆಗೆಯುವವರು ಸೂತ್ರವೇ ಇಲ್ಲದ ಪ್ರಶ್ನೆ ಎದುರಾದಾಗ ಎಲ್ಲರಿಗಿಂತ ಮೊದಲು ಸಿಟ್ಟಾಗುತ್ತಾರೆ. ಮೂರು ಮೂರು ಮಂದಿಯ ಗುಂಪು. ನಾಲ್ವರಾದರೆ ಒಬ್ಬ ಕಿಟಕಿ ನೋಡುತ್ತಾನೆ. ಪೆನ್ಸಿಲ್ ಇರಬೇಕು, ರಬ್ಬರ್ ಇರಬಾರದು. ತಪ್ಪಿದ ದಾರಿಗೆ ಒಂದು ಗೆರೆ ಎಳೆದು ಹಾಗೇ ಬಿಡಬೇಕು, ಮುಂದಿನ ವಾರ ಬೇಕಾಗುವುದು ಅದೇ. ಉತ್ತರ ಮೊದಲು ಸಿಕ್ಕಿದವರು ಬಾಯಿ ಬಿಡುವಂತಿಲ್ಲ. ಅದೇ ಪ್ರಶ್ನೆಯ ಅಳತೆ ಬದಲಿಸಿ ಹೊಸದೊಂದನ್ನು ಕಟ್ಟಬೇಕು. ಈ ನಿಯಮ ಇಲ್ಲದಿದ್ದರೆ ಎಂಟನೆಯವರಿಬ್ಬರು ಹತ್ತು ನಿಮಿಷದಲ್ಲಿ ಕೂಟ ಮುಗಿಸಿಬಿಡುತ್ತಾರೆ.

ಅಲ್ಲಿನ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸುವುದು ಚೌಕದ ಹಾಳೆಯದು. ಎಂಟಕ್ಕೆ ಎಂಟು, 64 ಮನೆ. ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದರೆ ಅದರ ಎರಡು ತುದಿಗೆ ಬರುವ ಮನೆಗಳನ್ನು ಕತ್ತರಿಸಿ ತೆಗೆಯಿರಿ. ಉಳಿದದ್ದು 62. ಪಕ್ಕಪಕ್ಕದ ಎರಡು ಮನೆ ಮುಚ್ಚುವಂಥ 31 ಬಿಲ್ಲೆಗಳಿಂದ ಇದನ್ನು ಪೂರ್ತಿ ಮುಚ್ಚಬಹುದೇ?

ಮನೆಯ ಅಳತೆ 2 ಸೆಂ.ಮೀ. ಇಟ್ಟರೆ ಎ4 ಹಾಳೆಯಲ್ಲಿ ಹಿಡಿಯುತ್ತದೆ. ಬಿಲ್ಲೆಗೆ ಹಳೆಯ ಮದುವೆ ಕಾಗದದ ರಟ್ಟು ಸಾಕು. ಆದರೆ ಸರಿಯಾಗಿ 2 ಮತ್ತು 4 ಸೆಂ.ಮೀ.ಗೆ ಕತ್ತರಿಸಬಾರದು, ಎರಡೂ ಕಡೆ ಒಂದು ಮಿ.ಮೀ. ಕಡಿಮೆ ಇರಲಿ. ಇಲ್ಲವಾದರೆ ಕೊನೆಯ ಸಾಲಿನಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಏರುತ್ತವೆ, ಮಕ್ಕಳು ತಪ್ಪನ್ನೆಲ್ಲ ಕತ್ತರಿಯ ಮೇಲೆ ಹಾಕುತ್ತಾರೆ. ಚೆಸ್ ಬೋರ್ಡು ತಂದುಕೊಡುವುದಂತೂ ಬೇಡವೇ ಬೇಡ, ಗುಟ್ಟೆಲ್ಲ ಅದರ ಕಪ್ಪು ಬಿಳುಪಿನಲ್ಲೇ ಇದೆ.

ನೇರವಾಗಿ ಎಂಟಕ್ಕೆ ಎಂಟು ಕೊಟ್ಟರೆ ಆರನೆಯವರು ಸೋತುಹೋಗುತ್ತಾರೆ. ಮೊದಲು ನಾಲ್ಕಕ್ಕೆ ನಾಲ್ಕು ಕೊಡಿ: 14 ಮನೆ, 7 ಬಿಲ್ಲೆ. ಸ್ವಲ್ಪ ಹೊತ್ತಿಗೆ ಯಾರೋ "ಇದು ಆಗುದಿಲ್ಲ ಸರ್" ಎನ್ನುತ್ತಾರೆ. ಗಣಿತದ ಮಾಸ್ಟ್ರು ಪ್ರತಿ ವರ್ಷ ಅದಕ್ಕೆ ಕೇಳುತ್ತಿದ್ದುದು ಒಂದೇ ಮಾತು: "ಆಗುದೇ ಇಲ್ವಾ, ಅಲ್ಲ ನಿಮಗೆ ಆಗ್ಲಿಲ್ವಾ?" ಇಡೀ ಕೂಟ ನಿಂತಿದ್ದುದು ಈ ಎರಡರ ನಡುವಿನ ವ್ಯತ್ಯಾಸದ ಮೇಲೆ.

ಆಮೇಲೆ ಐದಕ್ಕೆ ಐದು. ಒಂದು ಮೂಲೆ ತೆಗೆದರೆ 24 ಮನೆ, ಬಿಲ್ಲೆ ಸಲೀಸಾಗಿ ಕೂರುತ್ತವೆ. ಮೂಲೆ ಬಿಟ್ಟು ಅದರ ಪಕ್ಕದ ಮನೆ ತೆಗೆದರೂ 24, ಆದರೆ ಏನು ಮಾಡಿದರೂ ಕೂರುವುದಿಲ್ಲ. "ಸಮಸಂಖ್ಯೆ ಇದ್ದರೆ ಸಾಕು" ಎನ್ನುವ ವಾದ ಬಿದ್ದುಹೋಗುವುದು ಇಲ್ಲಿಯೇ. ಸುಳಿವು ಕೊಡಲೇಬೇಕೆಂದಿದ್ದರೆ ಇಷ್ಟು ಸಾಕು: ಬಿಲ್ಲೆ ಕೂತ ಎರಡು ಮನೆಗೆ ಬೇರೆ ಬೇರೆ ಗುರುತು ಹಾಕಿ, ಪಕ್ಕದ ಮನೆಗಳಿಗೆ ಒಂದೇ ಗುರುತು ಬರದ ಹಾಗೆ ಹಾಳೆಯ ತುಂಬ ಮುಂದುವರಿಸಿ. ಬಿಲ್ಲೆ ಎಲ್ಲಿಟ್ಟರೂ ಎರಡು ಗುರುತಿನ ಒಂದೊಂದು ಮನೆ ಮುಚ್ಚುತ್ತದೆ. ಎಂಟರ ಹಾಳೆಯಲ್ಲಿ ತೆಗೆದ ಎರಡು ಮೂಲೆಗೂ ಒಂದೇ ಗುರುತು, ಉಳಿದದ್ದು 32 ಮತ್ತು 30. ಐದರ ಹಾಳೆಯಲ್ಲಿ ಮೂಲೆಯ ಗುರುತಿನವು 13, ಇನ್ನೊಂದು 12. ಮೂಲೆಯ ಪಕ್ಕದ್ದನ್ನು ತೆಗೆದರೆ 13 ಮತ್ತು 11. ಕೋಟಿ ಸಲ ಜೋಡಿಸಿದರೂ ಆಗದು ಎಂದು ಒಂದೂ ಬಿಲ್ಲೆ ಮುಟ್ಟದೆ ಹೇಳಬಹುದು.

ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಅವರ ಹೆಸರಿಗೆ ಅಂಟಿಕೊಂಡ 1729 ಎಂಬ ಸಂಖ್ಯೆಯ ಬಗ್ಗೆ ಭಾಷಣ ಎಲ್ಲ ಕಡೆ ಇರುತ್ತದೆ. ಅದರ ಬದಲು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಅವರ 6174 ಮಾಡಿಸುವುದು ಒಳ್ಳೆಯದು. ನಾಲ್ಕಂಕಿಯ ಸಂಖ್ಯೆ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಇಳಿಕೆ ಕ್ರಮದಲ್ಲಿ ಬರೆದು ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ, ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ 7 ಹೆಜ್ಜೆಗೆ 6174 ಬರುತ್ತದೆ, ಬಂದ ಮೇಲೆ ಅಲ್ಲೇ ನಿಲ್ಲುತ್ತದೆ.

ಇದು ಕೆಡುವುದು ಸೊನ್ನೆಯಲ್ಲಿ. 2111ರಿಂದ 1112 ಕಳೆದರೆ 999. ಹಾಗೇ ಮುಂದುವರಿದರೆ 999ರಿಂದ 999 ಹೋಗಿ ಸೊನ್ನೆ, "ಸುಳ್ಳು ಸರ್!" ಎಂಬ ಕೂಗು. 0999 ಎಂದೇ ಬರೆಯಬೇಕು. ಆಗ 9990ರಿಂದ 0999 ಕಳೆದು 8991, ಮುಂದೆ 8082, 8532, 6174. ಕಳೆಯುವಲ್ಲಿ ದಶಕ ತಪ್ಪಿದ್ದರೆ ಹಿಡಿಯಲು ಟೀಚರ್ ಬೇಕಿಲ್ಲ. ಬಂದ ಅಂಕಿಗಳನ್ನು ಕೂಡಿದರೆ 9ರ ಮಗ್ಗಿಯಲ್ಲಿರಬೇಕು, ಇಲ್ಲದಿದ್ದರೆ ಎಲ್ಲೋ ತಪ್ಪಿದೆ. ಯಾಕೆ 9 ಎಂಬುದು ಎಂಟನೆಯವರ ಮುಂದಿನ ಶನಿವಾರದ ಪ್ರಶ್ನೆ.

ಜೂನ್, ಜುಲೈಯಲ್ಲಿ ಹೀಗೆ ವಾರದಿಂದ ವಾರಕ್ಕೆ ಎಳೆಯುವ ಪ್ರಶ್ನೆ ಬೇಡ. ಉಡುಪಿಯ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಅದನ್ನು ಸರಿದೂಗಿಸಲು ಶನಿವಾರ ಇಡೀ ದಿನ ಪಾಠ ಬಂದರೆ ಕೂಟ ಇಲ್ಲ. ಒಂದೇ ದಿನಕ್ಕೆ ಮುಗಿಯುವಂಥದ್ದು ಇರಲಿ. ತುಳುವರ ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಚೆನ್ನೆಮಣೆ ಆಟ ಹೇಗೂ ಇದೆ: 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಒಂದು ಗುಳಿಯ ಕಾಳನ್ನೆಲ್ಲ ತೆಗೆದು ಪಕ್ಕದ ಗುಳಿಯಿಂದ ಒಂದೊಂದಾಗಿ ಹಾಕುತ್ತಾ ಹೋದರೆ ಕೊನೆಯದು ಎಲ್ಲಿ ಬೀಳುತ್ತದೆ? 14 ಇದ್ದರೆ ಹೊರಟ ಗುಳಿಗೇ, 18 ಇದ್ದರೆ 4 ಇದ್ದಾಗ ಬಿದ್ದಲ್ಲಿಗೇ. ಶೇಷದ ಪಾಠ ಅಲ್ಲಿಗೆ ಮುಗಿಯಿತು. ಹೊರಟ ಗುಳಿಗೂ ಕಾಳು ಹಾಕಬೇಕೋ ಬಿಡಬೇಕೋ ಎಂದು ಮೊದಲೇ ತೀರ್ಮಾನಿಸಿ. ಮನೆಮನೆಗೆ ಆಟದ ಕ್ರಮ ಬೇರೆ, ಅಜ್ಜಿ ಹೇಳಿಕೊಟ್ಟದ್ದನ್ನು ಯಾರೂ ಬಿಟ್ಟುಕೊಡುವುದಿಲ್ಲ. ಬಿಟ್ಟರೆ ಲೆಕ್ಕವೂ 14ರ ಬದಲು 13ರದ್ದಾಗುತ್ತದೆ, ಅದನ್ನೂ ಮಾಡಿಸಬಹುದು.

ಮತ್ತೊಂದು, ರಟ್ಟಿನ ಬಿಲ್ಲೆಗಳು ಮಳೆಗಾಲದಲ್ಲಿ ಬೂಸ್ಟು ಹಿಡಿದು ಬಾಗುತ್ತವೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಗುಂಪಿಗೆ 31ರ ಬದಲು 35 ಮಾಡಿಡಿ. ನಾಲ್ಕಾದರೂ ಬೆಂಚಿನ ಸಂದಿಗೆ ಬಿದ್ದೇ ಬೀಳುತ್ತವೆ.