ಅರಿಶಿನ ಹಾಕಿದ ಶೆಡ್, ಹಾಕದ ಶೆಡ್

ದಾವಣಗೆರೆ ಸೀಮೆಯ ಬ್ರಾಯ್ಲರ್ ಸಾಕಣೆದಾರರಿಗೆ ಫೀಡ್ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಈಚೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: ಆಂಟಿಬಯಾಟಿಕ್ ಬಿಟ್ಟು ಗಿಡಮೂಲಿಕೆ ಹಾಕಬಹುದಾ? ಹಾಕಿ ಅಂತಲೇ ಹೇಳುತ್ತೇನೆ. ಕೋಳಿ ಬೇಗ ಬೆಳೆಯಲೆಂದು ಫೀಡಿನಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ನಮ್ಮಲ್ಲೂ 2019ರಲ್ಲಿ ಕೋಳಿ ಮತ್ತಿತರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದು ನಿಷೇಧವಾಯಿತು. ಬೇರಾವ ಔಷಧಿಯೂ ನಾಟದ ರೋಗಿಗೆಂದು ಆಸ್ಪತ್ರೆಯವರು ಉಳಿಸಿಕೊಂಡಿರುವ ಮದ್ದು ಅದು. ಕೋಳಿಯ ತೂಕ ಹೆಚ್ಚಿಸಲು ಅದನ್ನು ಸುರಿಯುವುದು ತಪ್ಪು.

ಆದರೆ ಮೂಲಿಕೆಯ ಗುಣವನ್ನು ಅಳೆಯುವ ರೀತಿ ನಮ್ಮಲ್ಲಿ ಸರಿಯಿಲ್ಲ. "ಡಾಕ್ಟ್ರೇ, ಅರಿಶಿನ ಶುರು ಮಾಡಿದ್ಮೇಲೆ ಮರಿ ಸಾಯೋದು ನಿಂತೇ ಹೋಯ್ತು" ಎಂದರು ಒಬ್ಬರು. "ಹಿಂದಿನ ಬ್ಯಾಚ್ ಯಾವಾಗಿನದು ಯಜಮಾನ್ರೇ?" ಎಂದೆ. ಏಪ್ರಿಲ್‌ನದು. ಅರಿಶಿನ ಹಾಕಿದ್ದು ಜುಲೈನಲ್ಲಿ. ಬಿಸಿಲು ಇಳಿದದ್ದಕ್ಕೆ ಉಳಿದ ಮರಿಗಳೆಷ್ಟು, ಅರಿಶಿನಕ್ಕೆ ಉಳಿದವೆಷ್ಟು? ಆ ಲೆಕ್ಕ ಯಾರಿಂದಲೂ ಆಗದು.

ಅಂದಿನಿಂದ ಎರಡು ಶೆಡ್ ಇದ್ದವರಿಗೆ ನನ್ನದೊಂದೇ ಒತ್ತಾಯ. ಒಂದೇ ಹ್ಯಾಚರಿಯ, ಒಂದೇ ದಿನದ ಮರಿಗಳನ್ನು ಎರಡೂ ಕಡೆ ಬಿಡಿ. ಒಂದಕ್ಕೆ ಮಾತ್ರ ಮೂಲಿಕೆ ಹಾಕಿ, ವಾರವಾರ ತೂಕ ಬರೆದಿಡಿ.

ಲೆಕ್ಕ ಹೀಗೆ. ಎಫ್‌ಸಿಆರ್, ಅಂದರೆ ಒಂದು ಕಿಲೋ ತೂಕ ಬರಲು ಕೋಳಿ ತಿನ್ನುವ ಫೀಡ್, 1.6 ಕಿಲೋ ಇದ್ದರೆ ಎರಡು ಕಿಲೋ ಕೋಳಿ ತಿನ್ನುವುದು 3.2 ಕಿಲೋ ಫೀಡ್. 5,000 ಕೋಳಿಗೆ 16 ಟನ್. ಟನ್ನಿಗೆ 5 ಕಿಲೋದಂತೆ 80 ಕಿಲೋ ಅರಿಶಿನ ಬೇಕು. ಎಫ್‌ಸಿಆರ್ 1.55ಕ್ಕೆ ಇಳಿದರೆ ಉಳಿಯುವುದು 500 ಕಿಲೋ ಫೀಡ್. ಆ 500 ಕಿಲೋ ಫೀಡಿನ ಬೆಲೆ 80 ಕಿಲೋ ಅರಿಶಿನದ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಲಾಭ.

ಅರಿಶಿನದಲ್ಲೂ ತರಾವರಿ. ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಶೇ. 3 ಇದ್ದರೆ ಆ 5 ಕಿಲೋದಲ್ಲಿ ಸಿಗುವುದು 150 ಗ್ರಾಂ, ಶೇ. 2 ಇದ್ದರೆ 100 ಗ್ರಾಂ ಅಷ್ಟೇ. ಪುಡಿ ಕೊಳ್ಳುವಾಗ ಪರೀಕ್ಷೆಯ ವರದಿ ಕೇಳಿ. ಬಣ್ಣ ನೋಡಿ ನಂಬಬೇಡಿ, ಹಳದಿಗೆಂದು ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ.

ಮೂಲಿಕೆ ಕೆಲಸ ಮಾಡುವುದು ಹೆಚ್ಚಾಗಿ ಕರುಳು ಮತ್ತು ಯಕೃತ್ತಿನಲ್ಲಿ. ಓಮದ ಥೈಮಾಲ್, ಬೆಳ್ಳುಳ್ಳಿಯ ಅಲಿಸಿನ್ ಎರಡೂ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಮಳೆಗೆ ನೆನೆದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಸೇರಿದಾಗ ಮೊದಲು ಕೆಡುವುದು ಯಕೃತ್ತು. ಅಲ್ಲಿ ಅರಿಶಿನ, ನೆಲನೆಲ್ಲಿ ಆಸರೆಯಾಗಬಲ್ಲವು. ಹಾಗಂತ ಬೂಷ್ಟು ಹಿಡಿದ ಜೋಳವನ್ನೇ ತಿನ್ನಿಸಿ ಎಂದಲ್ಲ, ಮೊದಲು ಜೋಳ ಒಣಗಿಸಿ. ಲಿಟರ್ (ಶೆಡ್ಡಿನ ನೆಲಕ್ಕೆ ಹಾಸುವ ಹೊಟ್ಟು) ಒದ್ದೆಯಾಗಿದ್ದರೆ, ಕೋಳಿಗೆ ನೀರು ಕೊಡುವ ನಿಪ್ಪಲ್ ಪೈಪಿನೊಳಗೆ ಲೋಳೆ ಕಟ್ಟಿದ್ದರೆ ಮೂಲಿಕೆಯಿಂದ ಆಗುವುದು ಅಷ್ಟಕ್ಕಷ್ಟೆ. ಕೊಕ್ಕರೆ ರೋಗ ತಡೆಯುವ ಲಾಸೋಟಾ, ಗುಂಬೊರೊ ರೋಗ ತಡೆಯುವ ಲಸಿಕೆಗಳನ್ನಂತೂ ಯಾವ ಕಷಾಯದ ಭರವಸೆಯ ಮೇಲೂ ತಪ್ಪಿಸಬೇಡಿ.

ಪ್ರಮಾಣ ಮೀರಿದರೂ ಕೇಡೇ. ಬೇವು ಜಾಸ್ತಿಯಾದರೆ ಕಹಿಗೆ ಕೋಳಿ ಮೇವು ಕಡಿಮೆ ಮಾಡುತ್ತದೆ. ನುಗ್ಗೆ ಸೊಪ್ಪಿನ ಪುಡಿಯಿಂದ ಮೊಟ್ಟೆಯ ಹಳದಿಗೆ ಬಣ್ಣ ಏರುತ್ತದೆ ನಿಜ, ಆದರೆ ಹೆಚ್ಚು ಹಾಕಿದರೆ ನಾರು ಹೆಚ್ಚಿ ಬ್ರಾಯ್ಲರ್ ತೂಕ ಹಿಂದೆ ಬೀಳುತ್ತದೆ. ಫೀಡನ್ನು ಪೆಲೆಟ್ (ಒತ್ತಿದ ಗುಳಿಗೆ) ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು: ಮಿಲ್ಲಿನ ಹಬೆಯಲ್ಲಿ ಫೀಡಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ, ಓಮದಂಥವುಗಳ ಎಣ್ಣೆ ಆ ಬಿಸಿಗೆ ಒಂದಿಷ್ಟು ಹಾರಿಹೋಗುತ್ತದೆ. ಅಂಥದ್ದನ್ನು ಕೋಟಿಂಗ್ ಇರುವ ರೂಪದಲ್ಲಿ ಕೊಳ್ಳಿ, ಇಲ್ಲವೇ ಕುಡಿಯುವ ನೀರಿನಲ್ಲಿ ಕೊಡುವ ದ್ರವರೂಪದ್ದನ್ನು ಬಳಸಿ.