ಅಧ್ಯಕ್ಷರ ಡಾಂಗಲ್

ಮಾರ್ಚ್ 31. 15ನೇ ಹಣಕಾಸು ಆಯೋಗದ ಅನುದಾನದ ಬಾಕಿ ಬಿಲ್ಲುಗಳನ್ನು ಇಂದೇ ಮುಗಿಸಿ ಎಂದು ಮೇಲಿನಿಂದ ಬೆಳಗ್ಗೆಯಿಂದ ಒಂದೇ ಸಮನೆ ಫೋನು. ಸರ್ವರ್ ತೆರೆದುಕೊಂಡಿದ್ದು ಸಂಜೆ ಏಳಕ್ಕೆ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ನನ್ನ ಡಿಜಿಟಲ್ ಸಹಿ ಹಾಕಿದೆ, ಅಧ್ಯಕ್ಷರದು ಬೇಕಿತ್ತು. ಫೋನ್ ಮಾಡಿದ್ದು ಅವರಿಗಲ್ಲ, ಅವರ ಯಜಮಾನರಿಗೆ. ಬೈಕಿನ ಕೀಲಿಗೊಂಚಲಿನಲ್ಲಿ ಅಧ್ಯಕ್ಷರ ಸಹಿಯಿರುವ ಡಾಂಗಲ್ ನೇತಾಡಿಸಿಕೊಂಡು ಬಂದರು. ಅದರ ಬೆನ್ನಿಗೆ ಪಿನ್ ಬರೆದ ಚೀಟಿ ಅಂಟಿಸಿತ್ತು. ಆ ಕೈಬರಹ ನನ್ನದೇ. ಪಿನ್ ಒತ್ತಿದೆ, ಮೂರು ಬಿಲ್ ಹೋದವು.

ಅದರಲ್ಲೊಂದು ಕಾಲೊನಿಯ ಪೈಪ್‌ಲೈನಿನದು, ನೀರು-ನೈರ್ಮಲ್ಯಕ್ಕೇ ಮೀಸಲಾದ ಟೈಡ್ ಅನುದಾನ. ಕಾಮಗಾರಿಯ ಅಳತೆ ಪುಸ್ತಕ (ಎಂಬಿ) ಬರೆದಾಗಿತ್ತು, ಫೋಟೊ ಇತ್ತು. ಸ್ಥಳಕ್ಕೆ ನಾನು ಹೋಗಿರಲಿಲ್ಲ.

ಜೂನ್‌ನಲ್ಲಿ ಗ್ರಾಮಸಭೆ. ಖರ್ಚು ಓದುತ್ತಾ ಆ ಬಿಲ್ಲಿಗೆ ಬಂದಾಗ ಕಾಲೊನಿಯ ಹಿರಿಯ ಹೆಂಗಸೊಬ್ಬರು ಎದ್ದು ಬಂದು ಮೇಜಿನ ಮೇಲೆ ಒಂದು ನಲ್ಲಿ ಇಟ್ಟರು. ಅದಕ್ಕೆ ಗೇಣುದ್ದದ ಪೈಪು, ಅದರ ಬಾಯಿಗೆ ಮೆತ್ತಿದ ಒಣ ಮಣ್ಣು. "ಎಳೆದೆ, ಕೈಗೆ ಬಂತು. ಇದರ ಹಿಂದೆ ಪೈಪೇ ಇಲ್ಲ. ಅಧ್ಯಕ್ಷರಮ್ಮ, ಹಣ ಕೊಟ್ಟವರು ನೀವೇ ತಾನೇ?"

ಅಧ್ಯಕ್ಷರು ನಲ್ಲಿಯನ್ನು ನೋಡಿದರು, ಆಮೇಲೆ ನನ್ನನ್ನು. ಬಾಗಿಲಲ್ಲಿದ್ದ ಯಜಮಾನರು ಏನಾದರೂ ಹೇಳುತ್ತಾರೆ, ಸಭೆ ಮುಂದಕ್ಕೆ ಹೋಗುತ್ತದೆ ಎಂದುಕೊಂಡೆ. ಅಧ್ಯಕ್ಷರ 30 ತಿಂಗಳ ಅಧಿಕಾರಾವಧಿಯಲ್ಲಿ 22 ಕಳೆದಿದ್ದವು. ಒಂದು ಸಭೆಯಲ್ಲೂ ಅವರು ಬಾಯಿ ತೆರೆದವರಲ್ಲ. ಅವರಿಗೆ ಹೇಳುವುದೇನೂ ಇಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಅವರು ಎದ್ದು ನಿಂತರು. "ಸಹಿ ನನ್ನದು. ಹಾಕಿದ್ದು ನಾನಲ್ಲ. ಯಾವ ಬಿಲ್ ಎಂದು ನನ್ನನ್ನು ಯಾರೂ ಕೇಳಲಿಲ್ಲ."

ಸಭೆಯ ಮೇಲ್ವಿಚಾರಣೆಗೆ ಬಂದಿದ್ದ ನೋಡಲ್ ಅಧಿಕಾರಿಯ ಪೆನ್ನು ನಿಂತಿತು. ಸರ್ವರ್, ವರ್ಷಾಂತ್ಯ, ಕಿರಿಯ ಎಂಜಿನಿಯರ್ (ಜೆಇ) ಎಂದು ಮೂರು ನೆಪಗಳು ನಾಲಿಗೆಯ ತುದಿಗೆ ಬಂದವು. ನೀರುಗಂಟಿ, ಬಿಲ್ ಕಲೆಕ್ಟರ್ ಇಬ್ಬರೂ ತಲೆ ತಗ್ಗಿಸಿದ್ದರು. ಅವರಿಗೆ ಎಲ್ಲವೂ ಗೊತ್ತಿತ್ತು. ಕೊನೆಗೆ, "ಪಿನ್ ಒತ್ತಿದ್ದು ನಾನು" ಎಂದೆ. ಅಷ್ಟು ಹೇಳಲು ಎಷ್ಟು ಹೊತ್ತಾಯಿತೋ, ನನಗೆ ಬಹಳ ಎನಿಸಿತು.

ಸಭೆ ಕರೆಯುವುದು, ನಡೆಸುವುದು, ನಮ್ಮಂಥ ನೌಕರರ ಕೆಲಸದ ಮೇಲೆ ಕಣ್ಣಿಡುವುದು ಅಧ್ಯಕ್ಷರ ಹೊಣೆ ಎಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಕಾನೂನು ಅವರ ಕೈಗೆ ಕೊಟ್ಟಿದ್ದನ್ನು ಕಿತ್ತು ಯಜಮಾನರ ಜೇಬಿಗೆ ಹಾಕಿದವನು ನಾನು, ಅದೂ ಬೇಗ ಬಿಲ್ ಮುಗಿಯಲಿ ಎಂದು. ದಿನಕ್ಕೆರಡು ವಿಡಿಯೊ ಕಾನ್ಫರೆನ್ಸ್ ಇಟ್ಟು ಪ್ರಗತಿ ಶೇಕಡಾ ಎಷ್ಟು ಎಂದು ಕೇಳುವವರು, ಸಹಿ ಹಾಕಿದ್ದು ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಪಿಡಿಒ ಮಿತ್ರರೇ, ಅಧ್ಯಕ್ಷರು ಎದುರಿಗೆ ಕೂತಿಲ್ಲದಿದ್ದರೆ ಬಿಲ್ ಕಳಿಸಬೇಡಿ. ನೋಟಿಸ್ ಬಂದರೆ ಬರಲಿ.

ಮರುದಿನ ಅಧ್ಯಕ್ಷರು ಒಬ್ಬರೇ ಬಂದರು. ನನ್ನನ್ನು ಗೋಡೆಯ ಕಡೆ ತಿರುಗಿಸಿ ಒಂದೇ ಬೆರಳಲ್ಲಿ ಹೊಸ ಪಿನ್ ಒತ್ತಿದರು. ಏಳನೇ ತರಗತಿ ಓದಿದವರು. ಎಂಬಿಯ ಅಂಕಿಗಳ ಮೇಲೆ ಬೆರಳಿಟ್ಟು 240 ಮೀಟರ್ ಎಂದು ಓದಿದರು. "ಟೇಪ್ ಇದೆಯೇ? ನಡೆಯಿರಿ."

ಕಾಲೊನಿಯಲ್ಲಿ ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. 86 ಮೀಟರಿಗೆ ಪೈಪು ಮುಗಿದಿತ್ತು. ಅವರು ಟೇಪ್ ಬಿಡದೆ ಅಲ್ಲೇ ನಿಂತು, ತಮ್ಮ ಫೋನಿನಿಂದಲೇ ಜೆಇಗೆ ಕರೆ ಮಾಡಿದರು.