ಬಯಲುಸೀಮೆಯ ಹಿತ್ತಲಿಗೆ ಗುಂಡಿಯೇ ಲೇಸು

ದಾವಣಗೆರೆಯಂಥ ಊರಿನಲ್ಲಿ ಅಡುಗೆಮನೆಯ ಕಸವನ್ನು ಕೊಳೆಸುವುದು ದೊಡ್ಡ ವಿದ್ಯೆಯೇನಲ್ಲ. ನಮ್ಮ ಸೆಕೆಯೇ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ. ಕಷ್ಟವಿರುವುದು ಅದು ಕೊಳೆಯುವಷ್ಟು ದಿನ ತೇವವನ್ನು ಕಾಪಾಡುವುದರಲ್ಲಿ, ಮತ್ತು ಹಾಗೆ ತಯಾರಾದ ಗೊಬ್ಬರ ಮಣ್ಣಿನಲ್ಲಿ ಒಂದು ಹಂಗಾಮಿನ ಮಟ್ಟಿಗಾದರೂ ನಿಲ್ಲುವಂತೆ ನೋಡಿಕೊಳ್ಳುವುದರಲ್ಲಿ. ಮನೆಯಲ್ಲಿ ಗೊಬ್ಬರ ಮಾಡುವುದನ್ನು ಕಲಿಯಲು ಹೊರಟವರಿಗೆ ಮೊದಲು ಸಿಗುವ ಪುಸ್ತಕಗಳೂ ವಿಡಿಯೊಗಳೂ ಬಹುಪಾಲು ಚಳಿದೇಶಗಳಲ್ಲಿ ಹುಟ್ಟಿದವು, ಇಲ್ಲವೇ ಅವನ್ನು ನೋಡಿಕೊಂಡು ಮಾಡಿದವು. ಗುಡ್ಡೆಯನ್ನು ಬಿಸಿಲು ಬೀಳುವ ಕಡೆ ಹಾಕಿ, ಕಪ್ಪು ಬಣ್ಣದ ಡಬ್ಬಿ ಬಳಸಿ, ಆಗಾಗ ಮಗುಚಿ ಹಾಕಿ ಎಂದು ಅವು ಹೇಳುತ್ತವೆ. ಹಿಮ ಬೀಳುವ ಊರಿನಲ್ಲಿ ಗುಡ್ಡೆಯ ಕಾವು ಆರಿಹೋಗುವ ಭಯವಿರುವುದರಿಂದ ಆ ಮಾತು ಅಲ್ಲಿಗೆ ಸರಿ. ಏಪ್ರಿಲ್ ತಿಂಗಳಲ್ಲಿ 38ರಿಂದ 40 ಡಿಗ್ರಿ ಮುಟ್ಟುವ, ವರ್ಷಕ್ಕೆ 650 ಮಿ.ಮೀ. ಆಸುಪಾಸಿನಲ್ಲಿ ಮಳೆ ಕಾಣುವ ನಮ್ಮ ಬಯಲಿನಲ್ಲಿ ಹಾಗೆಯೇ ಮಾಡಿದರೆ ತರಕಾರಿ ಸಿಪ್ಪೆ ಕೊಳೆಯುವ ಬದಲು ಸಂಡಿಗೆಯಂತೆ ಗರಿಗರಿಯಾಗಿ ಒಣಗಿ ಕೂರುತ್ತದೆ. ತೇವವಿಲ್ಲದ ಕಡೆ ಸೂಕ್ಷ್ಮಜೀವಿಗಳು ಕೆಲಸ ಮಾಡುವುದಿಲ್ಲ. ಬಿಸಿಲು ಎಷ್ಟಿದ್ದರೂ ಪ್ರಯೋಜನವಿಲ್ಲ.

ಈ ಸಮಸ್ಯೆ ಹೊಸದೂ ಅಲ್ಲ, ಇದಕ್ಕೆ ಉತ್ತರ ಕಂಡುಕೊಂಡವರು ದೂರದವರೂ ಅಲ್ಲ. ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ಬೆಳೆಯ ಉಳಿಕೆ, ಸಗಣಿ, ಮಣ್ಣು ಇವುಗಳನ್ನು ಪದರ ಪದರವಾಗಿ ಹಾಕಿ, ನೀರು ಕೊಟ್ಟು, ಮಗುಚಿ ಕೆಲವೇ ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದು ಇಂದೋರ್ ವಿಧಾನವೆಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ಆದರೆ ಅದು ನೀರನ್ನೂ ಬೇಡುತ್ತದೆ, ಆಳನ್ನೂ ಬೇಡುತ್ತದೆ. ವಿಜ್ಞಾನಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಕ್ರಮ ಇದಕ್ಕಿಂತ ಬೇರೆ ದಾರಿ ಹಿಡಿಯಿತು: ಪಟ್ಟಣದ ಕಸವನ್ನು ಗುಂಡಿಗೆ ತುಂಬಿ, ಮೊದಲ ಕೆಲವು ದಿನ ಗಾಳಿಗೆ ಬಿಟ್ಟು, ಆಮೇಲೆ ಮೇಲ್ಭಾಗವನ್ನು ಕೆಸರು ಮಣ್ಣಿನಿಂದ ಮೆತ್ತಿಬಿಡುವುದು. ಒಳಗಿನ ತೇವ ಒಳಗೇ ಉಳಿಯುತ್ತದೆ, ಮಗುಚುವ ತಾಪತ್ರಯವಿಲ್ಲ, ನೊಣದ ಕಾಟವೂ ಕಡಿಮೆ. ಕಾಯಬೇಕಾದ ಕಾಲ ಮಾತ್ರ ಹೆಚ್ಚು, ಆರೇಳು ತಿಂಗಳಿಗೆ ಕಡಿಮೆಯಿಲ್ಲ. ಮಳೆ ಕಡಿಮೆ ಬೀಳುವ ಸೀಮೆಗೆ ಇದೇ ಹೊಂದುತ್ತದೆಂದು ಕೃಷಿ ಪುಸ್ತಕಗಳೂ ಒಪ್ಪುತ್ತವೆ. ಜಗಳೂರು ಕಡೆಯ ಹಳ್ಳಿಯಿಂದ ಬಂದ ನಮ್ಮ ಅತ್ತೆಗೆ ಆಚಾರ್ಯರ ಹೆಸರು ಗೊತ್ತಿರಲಿಲ್ಲ, ಆದರೆ ತಿಪ್ಪೆಗುಂಡಿ ತುಂಬಿದ ಮೇಲೆ ಮಣ್ಣು ಸಾರಿಸಿ ಬಿಡಬೇಕೆಂಬುದು ಗೊತ್ತಿತ್ತು. "ಗಾಳಿಗೆ ಬಿಟ್ರೆ ಗೊಬ್ಬರದ ಸತ್ವ ಎಲ್ಲಾ ಹಾರಿ ಹೋಗತ್ತೆ" ಎಂದು ಅವರು ಹೇಳುತ್ತಿದ್ದುದು ವಿಜ್ಞಾನದ ಪ್ರಕಾರವೂ ತಪ್ಪಲ್ಲ. ಒಣಗುವ ಸಗಣಿಯಿಂದ ಸಾರಜನಕ ಅಮೋನಿಯವಾಗಿ ಗಾಳಿಗೆ ಸೇರುತ್ತದೆ.

ಮೂವತ್ತು–ನಲವತ್ತರ ನಿವೇಶನದಲ್ಲಿ ತಿಪ್ಪೆಗುಂಡಿ ತೋಡಲು ಜಾಗವೆಲ್ಲಿ ಎಂಬ ಪ್ರಶ್ನೆ ಸಹಜ. ನಾವು ಶೌಚಗುಂಡಿಗೆ ಬಳಸುವಂಥ ಎರಡು ಸಿಮೆಂಟ್ ರಿಂಗುಗಳನ್ನು ತಂದು, ಹಿತ್ತಲಿನ ಸೀತಾಫಲದ ಗಿಡದ ನೆರಳಿನಲ್ಲಿ, ನೀರಿನ ಸಂಪಿನಿಂದ ಸಾಕಷ್ಟು ದೂರದಲ್ಲಿ, ಅರ್ಧದಷ್ಟು ನೆಲದೊಳಗೆ ಹೂತಿದ್ದೇವೆ. ತಳ ಮಣ್ಣಿಗೆ ತೆರೆದಿರುವುದರಿಂದ ಹೆಚ್ಚಾದ ನೀರು ಇಂಗುತ್ತದೆ, ಎರೆಹುಳುಗಳು ತಾವಾಗಿಯೇ ಮೇಲೆ ಬರುತ್ತವೆ. ಒಂದು ರಿಂಗು ತುಂಬುತ್ತಿರುವಾಗ ಇನ್ನೊಂದು ಮಣ್ಣು ಮೆತ್ತಿಸಿಕೊಂಡು ಮಾಗುತ್ತಿರುತ್ತದೆ. ತಾರಸಿಯಷ್ಟೇ ಇರುವವರು ಕುಂಬಾರರ ದೊಡ್ಡ ಮಡಕೆಗೆ ತೂತು ಮಾಡಿ ಇಟ್ಟುಕೊಳ್ಳಬಹುದು. ಮಣ್ಣಿನ ಮಡಕೆ ತಣ್ಣಗಿರುತ್ತದೆ, ಆದರೆ ನೀರು ಬೇಗ ಆರುವುದರಿಂದ ಬೇಸಿಗೆಯಲ್ಲಿ ಹಸಿ ಗೋಣಿಚೀಲ ಸುತ್ತಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ದುಬಾರಿ ಡಬ್ಬಿಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ.

ನಿಜವಾದ ಜಾಣ್ಮೆ ಬೇಕಾಗುವುದು ಒಣ ಕಸವನ್ನು ಕೂಡಿಡುವುದರಲ್ಲಿ. ಚೆನ್ನಾಗಿ ಕೊಳೆಯಲು ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು. ಅಡುಗೆಮನೆಯ ಹಸಿ ಕಸದಲ್ಲಿ ಅದು 15ರಿಂದ 20ರಷ್ಟೇ ಇರುತ್ತದೆ, ಭತ್ತದ ಹುಲ್ಲಿನಲ್ಲಿ 80ರ ಸುಮಾರಿಗೆ ಇರುತ್ತದೆ. ಆದ್ದರಿಂದ ಒಂದು ಬೋಗುಣಿ ಹಸಿ ಕಸ ಸುರಿದಾಗಲೆಲ್ಲ ಎರಡು ಬೋಗುಣಿ ಒಣ ಎಲೆ ಸುರಿಯಬೇಕು. ಹಸಿ ಕಸ ವರ್ಷವಿಡೀ ದಿನವೂ ಹುಟ್ಟುತ್ತದೆ. ಒಣ ಎಲೆ ಹಾಗಲ್ಲ. ನಮ್ಮ ಬಡಾವಣೆಯ ಹೊಂಗೆ, ಬೇವಿನ ಮರಗಳು ಎಲೆ ಉದುರಿಸುವುದು ಫೆಬ್ರವರಿ–ಮಾರ್ಚ್ ತಿಂಗಳಲ್ಲಿ. ಆಗ ಬೀದಿಯ ತುದಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುಡಿಸುವವರಿಗೆ ಹೇಳಿಟ್ಟರೆ ಅವರೇ ಚೀಲಕ್ಕೆ ತುಂಬಿ ಕಾಂಪೌಂಡಿನ ಬಳಿ ಇಟ್ಟು ಹೋಗುತ್ತಾರೆ, ಅವರಿಗೂ ಹೊರುವ ಶ್ರಮ ಉಳಿಯುತ್ತದೆ. ಆ ಚೀಲಗಳನ್ನು ಮಳೆ ತಾಗದ ಕಡೆ ಒಟ್ಟಿಕೊಂಡರೆ ಆಷಾಢದ ಜಿಟಿಜಿಟಿಯಲ್ಲಿ ಎಲ್ಲೂ ಒಂದು ಒಣ ಕಡ್ಡಿ ಸಿಗದಿದ್ದಾಗ ಅವೇ ಕೈಹಿಡಿಯುತ್ತವೆ.

ಎಲೆ ಸಾಲದಿದ್ದರೆ ದಾವಣಗೆರೆಯವರಿಗೆ ಬೇರೆ ದಾರಿಗಳಿವೆ. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಬೇಗ ಕೊಳೆಯುವುದಿಲ್ಲ, ಅದರಲ್ಲಿ ಸಿಲಿಕಾ ಹೆಚ್ಚು. ಆದರೆ ಅನ್ನ, ಟೊಮೆಟೊ, ಕಲ್ಲಂಗಡಿಯಂಥ ಮುದ್ದೆಯಾಗುವ ಕಸದ ನಡುವೆ ಗಾಳಿಯಾಡಲು ಅದಕ್ಕಿಂತ ಒಳ್ಳೆಯದು ಸಿಗಲಾರದು. ಶೇಂಗಾ ಸಿಪ್ಪೆಯೂ ಅಷ್ಟೇ. ಮೆಕ್ಕೆಜೋಳದ ಬೆಂಡನ್ನು ಜಜ್ಜಿ ಹಾಕಬೇಕು, ಇಡಿಯಾಗಿ ಹಾಕಿದರೆ ವರ್ಷ ಕಳೆದರೂ ಅಲುಗುವುದಿಲ್ಲ. ಮಂಡಕ್ಕಿ ಭಟ್ಟಿಯ ಬೂದಿಯನ್ನು ಗೊಬ್ಬರಕ್ಕೆಂದು ಬುಟ್ಟಿಗಟ್ಟಲೆ ಒಯ್ಯುವವರಿಗೆ ಮಾತ್ರ ಒಂದು ಮಾತು: ಬೂದಿ ಕ್ಷಾರ ಗುಣದ್ದು, ನಮ್ಮ ಎರೆಮಣ್ಣು ಮೊದಲೇ ಸುಣ್ಣದಂಶದಿಂದ ಕ್ಷಾರವಾಗಿರುವಂಥದ್ದು. ಎರಡೂ ಸೇರಿದರೆ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ದಾಸವಾಳದ, ಕರಿಬೇವಿನ ಎಳೆಯ ಎಲೆಗಳು ನರ ಹಸಿರಾಗಿಯೂ ಉಳಿದದ್ದೆಲ್ಲ ಹಳದಿಯಾಗಿಯೂ ಕಾಣುವುದು ಇದರ ಗುರುತು.

ತೇವವನ್ನು ಅಳೆಯಲು ಯಾವ ಉಪಕರಣವೂ ಬೇಡ. ಗುಂಡಿಯ ನಡುವಿನಿಂದ ಒಂದು ಹಿಡಿ ತೆಗೆದು ಬಲವಾಗಿ ಹಿಂಡಬೇಕು. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿ, ಮುಷ್ಟಿ ಬಿಚ್ಚಿದಾಗ ಉಂಡೆ ನಿಂತು, ಬೆರಳಿನಿಂದ ತಟ್ಟಿದರೆ ಒಡೆದುಬಿದ್ದರೆ ಹದವಾಗಿದೆ ಎಂದರ್ಥ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಬೇಕು. ಉಂಡೆಯೇ ಕಟ್ಟದಿದ್ದರೆ ಹುಳಿ ಮಜ್ಜಿಗೆಯ ನೀರನ್ನೋ ಸಗಣಿ ಬಗ್ಗಡವನ್ನೋ ಚಿಮುಕಿಸಬೇಕು. ವಾಸನೆಯೂ ಇದನ್ನೇ ಹೇಳುತ್ತದೆ. ಮೂಗಿಗೆ ಚುರುಕ್ ಎನ್ನುವ ಅಮೋನಿಯದ ಘಾಟು ಬಂದರೆ ಸಾರಜನಕ ಹೆಚ್ಚಾಗಿದೆ, ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದಾಗಿದೆ. ಎರಡಕ್ಕೂ ಒಣ ಎಲೆಯೇ ಮದ್ದು.

ಹುಳುಗಳ ವಿಷಯಕ್ಕೆ ಬರೋಣ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಈ ಕೆಲಸ ನಿಂತುಹೋಗುವುದು ಇಲ್ಲಿಯೇ. ತುಂಬುತ್ತಿರುವ ರಿಂಗಿನ ಮುಚ್ಚಳ ತೆಗೆದಾಗ ಬೂದು–ಕಂದು ಬಣ್ಣದ, ಚಪ್ಪಟೆ ಮೈಯ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳುಗಳು ಪಪ್ಪಾಯಿ ಸಿಪ್ಪೆಯನ್ನು ಮುತ್ತಿ ತಿನ್ನುತ್ತಿರುವುದು ಕಾಣುತ್ತದೆ. ಕಿವಿಗೊಟ್ಟರೆ ಸಣ್ಣಗೆ ಚರಚರ ಸದ್ದೂ ಕೇಳುತ್ತದೆ. ಅತ್ತೆ ಮೊದಲ ಸಲ ನೋಡಿ, "ಇಂಥವನ್ನ ಹಿತ್ತಲಾಗೆ ಇಟ್ಕಂಡು ಉಣ್ಣಾದ್ ಹೆಂಗವ್ವಾ?" ಎಂದಿದ್ದರು. ಇವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಈ ನೊಣ ಕಣಜದಂತೆ ಕಪ್ಪಗೆ ಕಾಣುತ್ತದೆಯಾದರೂ ಕಚ್ಚುವುದಿಲ್ಲ, ಕುಟುಕುವುದಿಲ್ಲ, ನಮ್ಮ ಊಟದ ಮೇಲೆ ಬಂದು ಕೂರುವ ಸ್ವಭಾವದ್ದೂ ಅಲ್ಲ. ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಮಾತ್ರ ಹೊಟ್ಟೆಬಾಕರು. ಅವು ಮನೆನೊಣಕ್ಕೆ ಅಲ್ಲಿ ಮೊಟ್ಟೆಯಿಡಲು ಎಡೆ ಕೊಡುವುದಿಲ್ಲ, ನಾಲ್ಕು ದಿನದ ಸಿಪ್ಪೆಯನ್ನು ರಾತ್ರಿ ಬೆಳಗಾಗುವುದರಲ್ಲಿ ಕರಗಿಸುತ್ತವೆ. ಬೆಳೆದು ಕಪ್ಪಾದ ಮೇಲೆ ಒಣ ಜಾಗ ಹುಡುಕಿಕೊಂಡು ಗೋಡೆ ಹತ್ತಿ ಹೊರಬರುತ್ತವೆ. ಆಗ ಪಕ್ಕದ ಮನೆಯ ನಾಟಿಕೋಳಿಗಳಿಗೆ ಹಬ್ಬ. ಚಳಿದೇಶದ ಪುಸ್ತಕಗಳಲ್ಲಿ ಇವುಗಳ ಮಾತು ಅಷ್ಟಾಗಿ ಬರುವುದಿಲ್ಲ, ಆದರೆ ಬಿಸಿಲ ಸೀಮೆಯಲ್ಲಿ ಇವೇ ಮೊದಲ ಕೆಲಸಗಾರರು. ಕಣ್ಣಿಗೆ ಕಾಣಬಾರದೆಂದರೆ ಮೇಲೆ ನಾಲ್ಕು ಬೆರಳು ದಪ್ಪ ಎಲೆ ಹಾಸಿದರಾಯಿತು. ಅತ್ತೆಗೆ ಕೋಳಿಗಳ ಲಾಭ ಕಂಡ ಮೇಲೆ ತಕರಾರು ಉಳಿಯಲಿಲ್ಲ.

ಕೊಂಡು ತರುವ ಎರೆಹುಳುಗಳ ಬಗ್ಗೆ ಮಾತ್ರ ನನ್ನ ಉತ್ಸಾಹ ಅಷ್ಟಕ್ಕಷ್ಟೆ. ಎಲ್ಲೆಡೆ ಹೆಸರಾದ ಕೆಂಪು ಎರೆಹುಳುವಿಗೆ 25 ಡಿಗ್ರಿಯವರೆಗಿನ ತಂಪು ಹಿತ. 35 ದಾಟಿದರೆ ಅದು ಉಳಿಯುವುದು ಕಷ್ಟ. ನಮ್ಮಲ್ಲಿ ಹೆಚ್ಚಾಗಿ ಮಾರುವ ಆಫ್ರಿಕನ್ ತಳಿ ಸ್ವಲ್ಪ ಹೆಚ್ಚಿನ ಸೆಕೆ ತಾಳುತ್ತದೆಯಾದರೂ ತಾರಸಿಯ ಮೇಲಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಯಾವ ಎರೆಹುಳುವೂ ಏಪ್ರಿಲ್ ದಾಟಲಾರದು. ಎಣ್ಣೆ ಜಿಡ್ಡಿನ ಮಿರ್ಚಿ, ಮಾಂಸದ ಚೂರು, ರಾಶಿ ಅನ್ನ ಇವು ಗುಂಡಿಗೆ ಬೇಡ. ಹೆಗ್ಗಣಗಳು ಕರೆಯದೇ ಬರುತ್ತವೆ.

ಗೊಬ್ಬರ ತಯಾರಾದ ಮೇಲೂ ನಮ್ಮ ಹವೆ ಸುಮ್ಮನಿರುವುದಿಲ್ಲ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಮಣ್ಣಿನ ಸಾವಯವ ವಸ್ತು ಕರಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ದೇಶದ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಬರೆಯುತ್ತಾರೆ, ಬಯಲುಸೀಮೆಯ ಬಹಳಷ್ಟು ನೆಲ ಆ ಸಾಲಿಗೇ ಸೇರುತ್ತದೆ. ಒಂದು ಸಲ ಗೊಬ್ಬರ ಹಾಕಿ ವರ್ಷಗಟ್ಟಲೆ ನಿಶ್ಚಿಂತರಾಗಿರುವುದು ಇಲ್ಲಿ ಸಾಧ್ಯವಿಲ್ಲ. ಪ್ರತಿ ಹಂಗಾಮಿಗೂ ಸ್ವಲ್ಪ ಸ್ವಲ್ಪ ಕೊಡುತ್ತಿರಬೇಕು, ಕೊಟ್ಟದ್ದನ್ನು ಬಿಸಿಲಿಗೆ ಬಿಡದೆ ಹೊದಿಕೆಯಡಿ ಮುಚ್ಚಬೇಕು. ಮೂರು ಬೆರಳು ದಪ್ಪದ ಎಲೆ ಅಥವಾ ಹುಲ್ಲಿನ ಹೊದಿಕೆ ಇದ್ದರೆ ನೀರು ಕೊಡುವ ಸರದಿಯನ್ನು ಧಾರಾಳವಾಗಿ ಒಂದೆರಡು ದಿನ ಮುಂದೂಡಬಹುದು. ನಲ್ಲಿ ನೀರು ದಿನ ಬಿಟ್ಟು ಬರುವ, ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿಸುವ ಊರಿನಲ್ಲಿ ಇದು ಸಣ್ಣ ಉಳಿತಾಯವಲ್ಲ. ಹೊದಿಕೆ ಗಿಡದ ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ; ಒಂದು ಹಿಡಿ ಬೇವಿನ ಹಿಂಡಿ ಕಲಸಿದರೆ ಇನ್ನೂ ಒಳ್ಳೆಯದು. ಕುಂಡದ ಕೆಳಗಿನ ತಟ್ಟೆಯಲ್ಲಿ ವಾರಗಟ್ಟಲೆ ನೀರು ನಿಂತರೆ ಅಲ್ಲಿ ಬೆಳೆಯುವುದು ಡೆಂಗಿಯ ಸೊಳ್ಳೆ.

ಕುಂಡಕ್ಕೆ ಬರೀ ಎರೆಮಣ್ಣು ತುಂಬುವುದು ಸರಿಯಲ್ಲ. ಅದು ಮಳೆಗೆ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರಿದು ಎಳೆಬೇರುಗಳನ್ನು ಹರಿಯುತ್ತದೆ. ಕೆಂಪು ಮಣ್ಣು, ಗೊಬ್ಬರ, ಭತ್ತದ ಹೊಟ್ಟು ಸಮಸಮ ಬೆರೆಸಿ, ಅದಕ್ಕೆ ಒಂದು ಬೊಗಸೆ ಎರೆಮಣ್ಣು ಸೇರಿಸಿದರೆ ತೇವವೂ ನಿಲ್ಲುತ್ತದೆ, ನೀರೂ ಬಸಿಯುತ್ತದೆ.

ಏನನ್ನು ಯಾವಾಗ ಬಿತ್ತಬೇಕೆಂಬುದಕ್ಕೆ ಬೀಜದ ಪೊಟ್ಟಣದ ಮೇಲಿನ ತಿಂಗಳುಗಳಿಗಿಂತ ನಮ್ಮ ಮಳೆ ನಕ್ಷತ್ರಗಳನ್ನು ನಂಬುವುದು ಮೇಲು. ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ ಎಂಬ ಮಾತು ಹೊಲದವರದು. ಹಿತ್ತಲಿನವರಿಗೆ ಮೃಗಶಿರಾ ಬರುವ ಜೂನ್ 8ರ ಸುಮಾರಿಗೆ ಬೆಂಡೆ, ಹೀರೆ, ಚವಳಿಕಾಯಿ, ಅಲಸಂದೆ ಊರಲು ಸರಿಯಾದ ಕಾಲ. ಕೊತ್ತಂಬರಿ, ಮೆಂತ್ಯ, ಪಾಲಕ್ ಸೆಕೆಗೆ ಬೇಗ ಹೂವಿಗೆ ಹೋಗುವುದರಿಂದ ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯವರೆಗೆ ಕಾಯಬೇಕು. ಟೊಮೆಟೊ ಬೇಸಿಗೆಯಲ್ಲಿ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ; ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಡುತ್ತದೆ, ಆಗ ಎಷ್ಟು ಗೊಬ್ಬರ ಸುರಿದರೂ ಹೂ ಉದುರುತ್ತಲೇ ಇರುತ್ತದೆ. 'ಪೂರ್ಣ ಬಿಸಿಲು ಬೇಕು' ಎಂಬ ಸೂಚನೆಯನ್ನೂ ನಮ್ಮ ಊರಿಗೆ ತಕ್ಕಂತೆ ಓದಿಕೊಳ್ಳಬೇಕು. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನಕ್ಕೆ ಶೇ 50ರ ನೆರಳು ಬಲೆ ಕಟ್ಟಬೇಕು. ಆ ಮೂರು ತಿಂಗಳು ಬಸಳೆ, ಹರಿವೆ, ಪುಂಡಿ ಸೊಪ್ಪನ್ನು ನೆಚ್ಚಿಕೊಂಡರೆ ಜಾಣತನ. ಪುಂಡಿಯಂತೂ ನೀರು ತಪ್ಪಿದರೂ ಮುನಿಯುವುದಿಲ್ಲ, ರೊಟ್ಟಿಗೂ ಒದಗುತ್ತದೆ.

ದೀಪಾವಳಿಯ ಹೊತ್ತಿಗೆ ಮಣ್ಣು ಮೆತ್ತಿದ ರಿಂಗನ್ನು ನಾವು ಬಿಚ್ಚುವುದು ಜೂನ್ ಮೊದಲ ವಾರದಲ್ಲಿ, ಪಾತಿಗಳಿಗೆ ಹರಡುವುದು ಆರಿದ್ರಾ ಹಿಡಿಯುವ ಮುನ್ನ. ಜರಡಿಯಲ್ಲಿ ಉಳಿದ ಬೆಂಡು, ತೆಂಗಿನ ನಾರು, ಮಾವಿನ ವಾಟೆಗಳನ್ನೆಲ್ಲ ಖಾಲಿಯಾದ ರಿಂಗಿನ ತಳಕ್ಕೆ ಹಾಸುತ್ತೇವೆ, ಅದರ ಮೇಲೆ ಒಂದು ಬುಟ್ಟಿ ಹಳೆಯ ಗೊಬ್ಬರವನ್ನು ಹೆಪ್ಪಿಗೆಂದು ಹಾಕಿ ಹೊಸ ಕಸ ಸುರಿಯಲು ಶುರುಮಾಡುತ್ತೇವೆ. ಮಾವಿನ ವಾಟೆ ಮಾತ್ರ ಎರಡು ಸುತ್ತು ಹಾದು ಬಂದರೂ ಹಾಗೆಯೇ ಇರುತ್ತದೆ, ಕೆಲವು ಅಲ್ಲಿಯೇ ಮೊಳಕೆಯೊಡೆಯುತ್ತವೆ; ಅಂಥ ಸಸಿ ಬೇಕೆಂದು ಕೇಳುವವರು ನಮ್ಮ ಬೀದಿಯಲ್ಲಿ ಈಗ ಯಾರೂ ಉಳಿದಿಲ್ಲ, ಎಲ್ಲರ ಮನೆಗೂ ಒಂದೊಂದು ಹೋಗಿದೆ.